ಫೈಲ್ ಹೆಸರಿನಲ್ಲಿ ಮೊದಲು ವರ್ಷ ಬರೆಯಿರಿ

ಬಿಲ್, ರಸೀದಿ, ಆಸ್ಪತ್ರೆ ರಿಪೋರ್ಟ್‌ಗಳನ್ನು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇಡುವಾಗ ಫೈಲಿನ ಹೆಸರನ್ನು ದಿನಾಂಕದಿಂದಲೇ ಶುರು ಮಾಡಿ. ಅದೂ ನಾವು ಬರೆಯುವ ಕ್ರಮಕ್ಕೆ ಉಲ್ಟಾ: ವರ್ಷ, ತಿಂಗಳು, ಆಮೇಲೆ ದಿನ. ‘2025-03-09 ಅಮ್ಮನ ಶುಗರ್ ರಿಪೋರ್ಟ್’ ಅಂತ. ಕಂಪ್ಯೂಟರ್ ಹೆಸರುಗಳನ್ನು ಎಡದಿಂದ ಹೋಲಿಸುತ್ತಾ ಜೋಡಿಸುತ್ತದೆ. ದಿನ ಮೊದಲು ಬಂದರೆ ಎಲ್ಲ ವರ್ಷಗಳ 9ನೇ ತಾರೀಕುಗಳು ಒಟ್ಟಿಗೆ ಸೇರಿಬಿಡುತ್ತವೆ. ವರ್ಷ ಮೊದಲಿದ್ದರೆ ಹಳೆಯದರಿಂದ ಹೊಸದಕ್ಕೆ ತಾನಾಗಿಯೇ ಸಾಲಾಗುತ್ತವೆ. 1988ರಲ್ಲಿ ಬಂದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡದ ಕ್ರಮವೂ ಇದೇ. ದಿನಾಂಕವನ್ನು ಫೋನೇ ತೋರಿಸುತ್ತದೆ ಅಲ್ವಾ ಅನ್ನಬಹುದು. ಆದರೆ ಕಾಪಿ ಅಥವಾ ಡೌನ್‌ಲೋಡ್ ಮಾಡಿದಾಗ ಅದು ಬದಲಾಗಬಹುದು. ನಾವೇ ಹೆಸರಿನಲ್ಲಿ ಬರೆದದ್ದು ಉಳಿಯುತ್ತದೆ. ಆಸ್ಪತ್ರೆಯಲ್ಲಿ ಡಾಕ್ಟರು ಹಿಂದಿನ ರಿಪೋರ್ಟ್ ಕೇಳಿದಾಗ ಮನೆಯವರು ಯಾರು ಬೇಕಾದರೂ ತಕ್ಷಣ ಹುಡುಕಿ ಕೊಡುವಂತಿರಬೇಕು. ನನಗೆ ಇದೇ ಮುಖ್ಯ.

ಎಡವುವುದು ಎಲ್ಲಿ? ಮಾರ್ಚ್‌ಗೆ ಬರೀ 3 ಬರೆದರೆ ಹಲವು ಕಡೆ ಅಕ್ಟೋಬರಿನ 10 ಅದಕ್ಕಿಂತ ಮುಂದೆ ಬಂದು ಕೂರುತ್ತದೆ, ಹಾಗಾಗಿ 03 ಅಂತಲೇ ಬರೆಯಿರಿ. ಕೆಲವು ಫೈಲಿಗೆ 2025, ಕೆಲವಕ್ಕೆ ೨೦೨೫ ಅಂತ ಬೆರೆಸಿದರೂ ಸಾಲು ಕೆಡಬಹುದು. ದಿನಾಂಕದ ನಡುವೆ ಓರೆಗೆರೆ (/) ಬೇಡ, ವಿಂಡೋಸ್ ಅದನ್ನು ಹೆಸರಿನಲ್ಲಿ ಒಪ್ಪುವುದಿಲ್ಲ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ನೀವಿಟ್ಟ ಹೆಸರು ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಆಧಾರ್, ರೇಷನ್ ಕಾರ್ಡಿನಂಥವಕ್ಕೆ ಮಾತ್ರ ಈ ಪದ್ಧತಿ ಬೇಡ. ಅವನ್ನು ನಾವು ಹುಡುಕುವುದೇ ಹೆಸರಿನಿಂದ.