ರಾಕಸಕೊಪ್ಪ ಕಡೆ ಸೈಕಲ್: ಮೊದಲು ಎದುರುಗಾಳಿ ಮುಗಿಸಿಕೊಳ್ಳಿ

ಮಳೆಗಾಲದಲ್ಲಿ ಬೆಳಗಾವಿಯಿಂದ ಸೈಕಲ್ ಹೊಡೆಯುವವರು ಪಶ್ಚಿಮಕ್ಕೆ, ರಾಕಸಕೊಪ್ಪ ಜಲಾಶಯದ ಕಡೆ ಹೊರಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮ-ನೈರುತ್ಯದಿಂದ ಬೀಸುತ್ತದೆ. ಕಾಲಲ್ಲಿ ಕಸುವು ಇರುವಾಗಲೇ ಎದುರುಗಾಳಿ ಮುಗಿಯುತ್ತದೆ, ದಣಿದು ಮರಳುವಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ. ಹೊತ್ತು ಏರಿದಂತೆ ಗಾಳಿಯೂ ಜೋರಾಗುವುದರಿಂದ ಬೆಳಕು ಹರಿಯುತ್ತಲೇ ಹೊರಟವರಿಗೆ ಲಾಭ ಇನ್ನೂ ಹೆಚ್ಚು. ಆ ದಾರಿಯಲ್ಲಿ ಏರು-ಇಳುಕಲು ಒಂದರ ಹಿಂದೆ ಒಂದು. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ, ಪೆಡಲ್ ಮೇಲೆ ಪೂರ್ತಿ ಭಾರ ಬಿದ್ದಾಗ ಬದಲಿಸಿದರೆ ಚೈನ್ ಜಾರಬಹುದು. ಹಿಡಕಲ್, ಆಲಮಟ್ಟಿಯಂಥ ದೊಡ್ಡ ಹಿನ್ನೀರಿನ ಪಕ್ಕ ಗಾಳಿಗೆ ಅಡ್ಡ ಏನೂ ಇರುವುದಿಲ್ಲ, ಅಲ್ಲಂತೂ ಈ ಲೆಕ್ಕ ಬಿಡಲೇಬೇಡಿ. ಚಳಿಗಾಲದಲ್ಲಿ ಇದು ಉಲ್ಟಾ: ಗಾಳಿ ಬಹುತೇಕ ಪೂರ್ವದಿಂದ, ಹಾಗಾಗಿ ಹೊರಡುವುದೂ ಪೂರ್ವಕ್ಕೆ. (ಕಬ್ಬಿನ ಹಂಗಾಮೂ ಅದೇ ಹೊತ್ತಿಗೆ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಹೋಲಿಸಿದರೆ ಗಾಳಿ ಏನೂ ಅಲ್ಲ, ಕತ್ತಲಲ್ಲಿ ಹೊರಡಬೇಡಿ.) ಏಪ್ರಿಲ್-ಮೇ ಸಂಜೆಯ ಗುಡುಗು ಮಳೆಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಆಗ ಗಾಳಿ ಯಾವ ದಿಕ್ಕಿನಿಂದಲೂ ನುಗ್ಗುತ್ತದೆ.