ಪಾದಯಾತ್ರೆಯ ದಾರಿಗೆ ವರ್ಷ ವರ್ಷವೂ ಸರ್ಕಾರದ ಹಣ ಪಡೆಯುವ ಬಗೆ

ದೂರದ ಕಾಲ್ನಡಿಗೆ ದಾರಿಗೆ ಸರ್ಕಾರದಿಂದ ಒಮ್ಮೆ ಹಣ ತರುವುದು ಅಷ್ಟೇನೂ ಕಷ್ಟವಲ್ಲ. ಪ್ರತಿ ವರ್ಷವೂ ಬರುವಂತೆ ಮಾಡುವುದು ಕಷ್ಟ. ಘಟ್ಟದ ಕೆಳಗಿನ ಒಂದೂರಿನಲ್ಲಿ ಪಾದಯಾತ್ರಿಗಳಿಗೆಂದು ಕಟ್ಟಿದ ಶೌಚಾಲಯವನ್ನು ನಾನು ನೋಡಿದ್ದೇನೆ. ಗೋಡೆಯ ಟೈಲ್ಸ್ ಇನ್ನೂ ಹೊಳೆಯುತ್ತಿತ್ತು, ಉದ್ಘಾಟನೆಯ ಕಲ್ಲಿನ ಮೇಲೆ ಹೆಸರುಗಳೂ ಸ್ಪಷ್ಟವಾಗಿದ್ದವು. ಆದರೆ ಪಂಪಿನ ಕರೆಂಟ್ ಬಿಲ್ಲನ್ನು ಯಾರು ಕಟ್ಟಬೇಕೆಂಬುದು ತೀರ್ಮಾನವಾಗದೆ ಬಾಗಿಲಿಗೆ ಬೀಗ ಬಿದ್ದಿತ್ತು, ಜನ ಅದರ ಹಿಂಬದಿಗೆ ಹೋಗುತ್ತಿದ್ದರು. ಅರ್ಜಿ ಬರೆಯಲು ಕೂರುವ ಸಮಿತಿಗಳು ಈ ಬೀಗವನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಮೊದಲ ಕೆಲಸ, ದಾರಿ ಯಾರದೆಂದು ತಿಳಿಯುವುದು. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವ ದಾರಿಯನ್ನೇ ತೆಗೆದುಕೊಳ್ಳಿ. ಕಾಲಡಿಯಲ್ಲಿರುವುದು ರಾಷ್ಟ್ರೀಯ ಹೆದ್ದಾರಿ 73, ಪಕ್ಕದಲ್ಲಿರುವುದು ಅರಣ್ಯ, ಕೆಳಗಿಳಿದ ಮೇಲೆ ಸಾಲಾಗಿ ಗ್ರಾಮ ಪಂಚಾಯಿತಿಗಳು. ಮೇಲಿನ ತುದಿ ಚಿಕ್ಕಮಗಳೂರು ಜಿಲ್ಲೆಯಲ್ಲಿ, ಕೆಳಗಿನದು ದಕ್ಷಿಣ ಕನ್ನಡದಲ್ಲಿ. ಇಡೀ ದಾರಿಗೆ ಒಂದೇ ಅರ್ಜಿ ಕೊಟ್ಟರೆ ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ‘ಸೂಕ್ತ ಕ್ರಮಕ್ಕಾಗಿ’ ಎಂಬ ಷರಾದೊಡನೆ ಅಲೆಯುತ್ತದೆಯೇ ಹೊರತು ಎಲ್ಲಿಯೂ ನಿಲ್ಲುವುದಿಲ್ಲ. ಆದುದರಿಂದ ಕಿಲೋಮೀಟರಿಗೊಂದು ಸಾಲಿನಂತೆ ಪಟ್ಟಿ ಮಾಡಿ, ಪ್ರತಿ ಸಾಲಿನ ಎದುರು ಆ ತುಂಡಿನ ಒಡೆತನ ಯಾವ ಇಲಾಖೆಯದೆಂದು ಬರೆಯಬೇಕು. ಹಳೆಯ ಕಾಲುದಾರಿಯಾಗಿದ್ದರೆ ಗ್ರಾಮ ನಕಾಶೆ ತೆಗೆಸಿ ನೋಡಬೇಕು. ‘ನಕಾಶೆ ಕಂಡ ದಾರಿ’ಯಾಗಿದ್ದು, ಪಹಣಿಯಲ್ಲಿ ಬಿ ಖರಾಬು (ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ, ಸಾಗುವಳಿಯಿಲ್ಲದ ಜಾಗ) ಎಂದು ನಮೂದಾಗಿದ್ದರೆ, ಅದು ಸಾರ್ವಜನಿಕ ದಾರಿಯೆಂದು ವಾದಿಸಲು ಗಟ್ಟಿ ಆಧಾರ ಸಿಕ್ಕಂತೆ, 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 67ನೇ ಕಲಮು ಸಾರ್ವಜನಿಕ ದಾರಿಗಳನ್ನು ಸರ್ಕಾರದ ಸ್ವತ್ತೆಂದು ಹೇಳುತ್ತದೆ. ಖಾಸಗಿ ತೋಟದ ನಡುವೆ, ಮಾಲೀಕರ ಸೌಜನ್ಯದಿಂದ ಮಾತ್ರ ತೆರೆದಿರುವ ದಾರಿಗೆ ಸರ್ಕಾರದ ಹಣ ಹಾಕಿಸಲು ಹೊರಟರೆ ಆಕ್ಷೇಪಣೆ ಖಂಡಿತ ಬರುತ್ತದೆ. ಅರಣ್ಯದೊಳಗೆ ಕಟ್ಟಡದ ಮಾತೆತ್ತದೆ, ದಾರಿ ಸವರುವುದು, ನೀರು ಹರಿಯಲು ಕಲ್ಲು ಜೋಡಿಸುವುದು ಇಂತಹ ಕೆಲಸಗಳಿಗೆ ಸೀಮಿತವಾಗಿದ್ದರೆ ಕಡತ ಬೇಗ ಸಾಗುತ್ತದೆ.

ಎರಡನೆಯದು ಲೆಕ್ಕ ಶೀರ್ಷಿಕೆ, ಅಂದರೆ ಹಣ ಯಾವ ಉದ್ದೇಶಕ್ಕೆಂದು ಬಜೆಟ್ಟಿನಲ್ಲಿ ಗುರುತಿಸುವ ಸಂಖ್ಯೆ. ಇದು ಶುಷ್ಕ ವಿಷಯವೆನಿಸಿದರೂ ಇಡೀ ಪ್ರಯತ್ನದ ಜೀವ ಇರುವುದು ಇಲ್ಲಿಯೇ. ಬಜೆಟ್ಟಿನಲ್ಲಿ 2 ಅಥವಾ 3ರಿಂದ ಆರಂಭವಾಗುವ ಪ್ರಧಾನ ಶೀರ್ಷಿಕೆಗಳು ರಾಜಸ್ವ ವೆಚ್ಚದವು, ಅಂದರೆ ವರ್ಷ ವರ್ಷದ ಖರ್ಚಿನವು. 4 ಅಥವಾ 5ರಿಂದ ಆರಂಭವಾಗುವವು ಬಂಡವಾಳ ವೆಚ್ಚದವು, ಅಂದರೆ ಆಸ್ತಿ ಕಟ್ಟುವ ಖರ್ಚಿನವು. ರಸ್ತೆ ಮತ್ತು ಸೇತುವೆಗಳಿಗೆ 5054 ಎಂದರೆ ಹೊಸದಾಗಿ ಕಟ್ಟುವ ಹಣ, 3054 ಎಂದರೆ ಮುಖ್ಯವಾಗಿ ನಿರ್ವಹಣೆಯ ಹಣ. ಪ್ರವಾಸೋದ್ಯಮಕ್ಕೆ ಕ್ರಮವಾಗಿ 5452 ಮತ್ತು 3452. ಸಂಸದರ ವಾರ್ಷಿಕ 5 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಬಾಳಿಕೆಯ ಆಸ್ತಿ ಕಟ್ಟುವುದಕ್ಕಾಗಿ ಇರುವುದೇ ಹೊರತು ಪ್ರತಿ ವರ್ಷದ ಖರ್ಚಿಗಲ್ಲ. ನಮ್ಮ ಸಮಿತಿಗಳು ಸಾಮಾನ್ಯವಾಗಿ ಬಾಗಿಲು ತಟ್ಟುವುದು ಇಂತಹ ನಿಧಿಗಳನ್ನೇ. ಬೀಗ ಬಿದ್ದ ಶೌಚಾಲಯಗಳು ಹುಟ್ಟುವುದೂ ಹೀಗೆಯೇ. ಮನವಿಯಲ್ಲಿ ‘ಅಭಿವೃದ್ಧಿಪಡಿಸಬೇಕು’ ಎಂದಷ್ಟೇ ಬರೆಯದೆ, ಯಾವ ಕೆಲಸ ಬಂಡವಾಳದ್ದು, ಯಾವುದು ವಾರ್ಷಿಕ ನಿರ್ವಹಣೆಯದು ಎಂದು ಬೇರ್ಪಡಿಸಿ, ಎರಡನೆಯದನ್ನು ರಾಜಸ್ವ ಶೀರ್ಷಿಕೆಯಡಿ ಕೇಳಬೇಕು. ಹೊಸ ಕಾಮಗಾರಿಯೇ ಬೇಕಾದರೆ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ಮಾದರಿಯನ್ನು ತೋರಿಸಿ: ಅಲ್ಲಿ ರಸ್ತೆ ಮಾಡಿದ ಗುತ್ತಿಗೆದಾರರೇ 5 ವರ್ಷ ನಿರ್ವಹಣೆ ಮಾಡಬೇಕೆಂಬುದು ಒಪ್ಪಂದದಲ್ಲಿಯೇ ಇರುತ್ತದೆ.

ಕುಡಿಯುವ ನೀರು, ಶೌಚಾಲಯಗಳಿಗೆ ಪಂಚಾಯಿತಿಯೇ ಹತ್ತಿರದ ದಾರಿ. 15ನೇ ಹಣಕಾಸು ಆಯೋಗವು 2021–26ರ ಅವಧಿಯ ಗ್ರಾಮೀಣ ಅನುದಾನದಲ್ಲಿ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟಿತ್ತು. ಇಂತಹ ಅನುದಾನವನ್ನು ಮುಟ್ಟಬೇಕಾದರೆ ಬೇಡಿಕೆ ಗ್ರಾಮಸಭೆಯಲ್ಲಿ ಮಂಡನೆಯಾಗಿ, ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿರಬೇಕು. ಯಾತ್ರಿಕರು ಬರುವುದು ವರ್ಷಕ್ಕೆ ನಾಲ್ಕು ದಿನ, ಊರವರು ಇರುವುದು ವರ್ಷವಿಡೀ. ಶಾಲೆಗೆ ಹೋಗುವ ಮಕ್ಕಳಿಗೂ ಬಸ್ಸಿಗೆ ಕಾಯುವವರಿಗೂ ಅದೇ ನಲ್ಲಿ, ಅದೇ ನೆರಳು ಉಪಯೋಗಕ್ಕೆ ಬರುವಂತೆ ಜಾಗ ಆರಿಸಿದರೆ ಸಭೆಯಲ್ಲಿ ವಿರೋಧ ಏಳುವುದು ಕಡಿಮೆ.

ದೊಡ್ಡ ಮೊತ್ತ ಕೇಳುವವರಿಗೆ ಪಂಢರಪುರದ ಉದಾಹರಣೆ ಉಪಯುಕ್ತ. ಸಂತ ಜ್ಞಾನೇಶ್ವರ ಮತ್ತು ಸಂತ ತುಕಾರಾಮ ಪಾಲಖಿ (ಪಲ್ಲಕ್ಕಿ) ಮಾರ್ಗಗಳನ್ನು ಕೇಂದ್ರವು ರಾಷ್ಟ್ರೀಯ ಹೆದ್ದಾರಿಗಳನ್ನಾಗಿ ಅಗಲಗೊಳಿಸುವ ಕಾಮಗಾರಿಗೆ 2021ರ ನವೆಂಬರಿನಲ್ಲಿ ಶಂಕುಸ್ಥಾಪನೆಯಾದಾಗ, ಇಕ್ಕೆಲಗಳಲ್ಲಿ ಪಂಢರಪುರಕ್ಕೆ ನಡೆದು ಹೋಗುವ ಭಕ್ತರಾದ ವಾರಕರಿಗಳಿಗೆಂದೇ ಪ್ರತ್ಯೇಕ ನಡಿಗೆ ಪಥವನ್ನು ಯೋಜನೆಯೊಳಗೇ ಸೇರಿಸಲಾಗಿತ್ತು. ಹೆದ್ದಾರಿಯ ಅಂದಾಜುಪಟ್ಟಿ ತಯಾರಾಗುವ ಮೊದಲೇ ನಡೆಯುವವರ ಬೇಡಿಕೆ ಅದರೊಳಗೆ ಹೋಗಬೇಕು; ಡಾಂಬರು ಬಿದ್ದ ಮೇಲೆ ಕೇಳಿದರೆ ಬದಿಯಲ್ಲಿ ಬಿಳಿ ಗೆರೆಯೊಂದು ಸಿಕ್ಕೀತು, ಅಷ್ಟೇ.

ಪ್ರತ್ಯೇಕ ನಿಧಿ ಸ್ಥಾಪಿಸಿದರೆ ಸಾಕೆಂದು ನಂಬುವವರು ಅಮೆರಿಕದ ಅನುಭವವನ್ನು ಗಮನಿಸಬಹುದು. ಅಪಲೇಚಿಯನ್ ಟ್ರೇಲಿನಂತಹ ದೂರದ ಕಾಲ್ನಡಿಗೆ ದಾರಿಗಳಿಗೆ ಜಮೀನು ಕೊಳ್ಳಲು ನೆರವಾದ ಅಲ್ಲಿನ ಭೂ ಮತ್ತು ಜಲ ಸಂರಕ್ಷಣಾ ನಿಧಿ 1965ರಿಂದ ಇದೆ; ಸಮುದ್ರದ ತೈಲ ಮತ್ತು ಅನಿಲದ ಆದಾಯದಿಂದ ಅದಕ್ಕೆ ವರ್ಷಕ್ಕೆ 90 ಕೋಟಿ ಡಾಲರ್‌ವರೆಗೆ ಸಲ್ಲಬೇಕಿತ್ತು. ಆದರೆ ಖರ್ಚಿಗೆ ಪ್ರತಿ ವರ್ಷ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಅನುಮೋದನೆ ಬೇಕಿದ್ದುದರಿಂದ ಬಹುತೇಕ ವರ್ಷಗಳಲ್ಲಿ ಅದಕ್ಕಿಂತ ಬಹಳ ಕಡಿಮೆಯೇ ಬಿಡುಗಡೆಯಾಯಿತು. ಪೂರ್ಣ ಮೊತ್ತ ತಾನಾಗಿಯೇ ದೊರೆಯುವಂತಾದದ್ದು 2020ರ ಕಾನೂನಿನ ನಂತರ. ಕಾಗದದ ಮೇಲೆ ನಿಧಿ ಇರುವುದು ಬೇರೆ, ಹಣ ಕೈಗೆ ಬರುವುದು ಬೇರೆ.

ಉಳಿದದ್ದು ಪಂಚಾಂಗದ ವಿಷಯ. ಮಳೆ ನಿಂತ ಕೂಡಲೇ, ಅಂದರೆ ಇಲಾಖೆಗಳು ಮುಂದಿನ ವರ್ಷದ ಅಂದಾಜನ್ನು ಸಿದ್ಧಪಡಿಸುವ ಹೊತ್ತಿಗೆ, ದಾರಿಯನ್ನು ಒಮ್ಮೆ ಪೂರ್ತಿ ನಡೆದು ವರದಿ ಮಾಡಬೇಕು. ‘ದಾರಿ ಹಾಳಾಗಿದೆ’ ಎಂಬ ಸಾಲು ಯಾರನ್ನೂ ಅಲುಗಿಸದು. ‘ಇಂತಹ ಕಿಲೋಮೀಟರ್ ಕಲ್ಲಿನಿಂದ ಮುಂದೆ 40 ಹೆಜ್ಜೆ, ಎಡಬದಿ, ಮೋರಿಯ ಬಾಯಿ ಎಲೆ ಮತ್ತು ಮಣ್ಣಿನಿಂದ ಮುಚ್ಚಿದೆ, ನೀರು ದಾರಿಯ ಮೇಲೆ ಹರಿದು ಮೊಣಕಾಲುದ್ದ ಕೊರೆದಿದೆ’ ಎಂದು ಫೋಟೊ ಸಹಿತ ಬರೆದರೆ ಕಿರಿಯ ಎಂಜಿನಿಯರ್ ಅದನ್ನು ನೇರವಾಗಿ ಅಂದಾಜುಪಟ್ಟಿಗೆ ಇಳಿಸಿಕೊಳ್ಳಬಹುದು. ಜನವರಿಯಲ್ಲಿ ಮತ್ತೊಮ್ಮೆ ಇಲಾಖೆಯ ಕಚೇರಿಗೆ ಹೋಗಿ, ಈ ವರ್ಷದ ಹಣ ಎಷ್ಟು ಖರ್ಚಾಗಿದೆಯೆಂದು ವಿಚಾರಿಸಬೇಕು. ಮಾರ್ಚ್ 31ಕ್ಕೆ ಉಳಿದ ಹಣ ಮರಳಿ ಹೋಗುತ್ತದೆ, ಖರ್ಚಾಗದ ಶೀರ್ಷಿಕೆಗೆ ಮುಂದಿನ ಸಲ ಮೊದಲು ಕತ್ತರಿ ಬೀಳುತ್ತದೆ. ಜನವರಿಯಲ್ಲಿ ಹೋಗುವಾಗ ಹಳೆಯ ವರದಿಯ ಸ್ವೀಕೃತಿ ಪ್ರತಿಯೂ ಕೈಯಲ್ಲಿರಲಿ, ಏಕೆಂದರೆ ಅಷ್ಟರಲ್ಲಿ ಆ ಮೇಜಿನ ಅಧಿಕಾರಿ ವರ್ಗವಾಗಿ ಹೋಗಿರುವ ಸಂಭವವೇ ಹೆಚ್ಚು.