ಜಿ ಮತ್ತು ಸಿ ನಡುವೆ ಸಿಕ್ಕಿಕೊಂಡ ಬೆರಳು

ಗಿಟಾರ್ ಕಲಿಯೋಕೆ ಶುರು ಮಾಡಿದ ಮೊದಲ ಆರು ತಿಂಗಳು ಬಹಳ ಚೆಂದ. ವಾರಕ್ಕೊಂದು ಹೊಸ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬರುತ್ತದೆ. ತಿಂಗಳಿಗೆ ಎರಡು ಹಾಡು ಕೈಗೆ ಹತ್ತುತ್ತವೆ. ಮನೆಗೆ ಬಂದ ನೆಂಟರ ಮುಂದೆ ನುಡಿಸುವಷ್ಟು ಧೈರ್ಯವೂ ಬರುತ್ತದೆ. ಆಮೇಲೆ ಒಂದು ದಿನ ನೋಡಿದರೆ, ಹೋದ ದೀಪಾವಳಿಗೆ ನುಡಿಸುತ್ತಿದ್ದ ಎಂಟು ಹಾಡನ್ನೇ ಈ ದೀಪಾವಳಿಗೂ ನುಡಿಸುತ್ತಿರುತ್ತೇವೆ. ಅಷ್ಟೇ ಚೆನ್ನಾಗಿ, ಅಷ್ಟೇ ಕೆಟ್ಟದಾಗಿ.

ನನಗೂ ಹೀಗೇ ಆಗಿತ್ತು. ಹನುಮಂತನಗರದಲ್ಲಿ ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ, ಕೆಳಗೆ ಓನರ್. ರಾತ್ರಿ ಎಂಟಕ್ಕೆ ಅರ್ಧ ಗಂಟೆ ತಪ್ಪದೆ ನುಡಿಸುತ್ತಿದ್ದೆ. ಎರಡು ವರ್ಷ ಕಳೆದ ಮೇಲೆ ಒಂದು ಸಂಜೆ ನೀರಿನ ಮೋಟಾರ್ ವಿಷಯ ಹೇಳೋಕೆ ಕೆಳಗೆ ಹೋದೆ. ಓನರ್ ಆಂಟಿ ಸೊಪ್ಪು ಸೋಸುತ್ತಾ ಕೂತಿದ್ದರು. "ಅಲ್ಲಪ್ಪಾ, ನೀನು ದಿನಾ ಅದೇ ಜಾಗದಲ್ಲಿ ಯಾಕೆ ನಿಲ್ಲಿಸ್ತೀಯ? ನಮ್ಮನೆಯವರು ಟೀವಿ ನೋಡ್ತಾನೇ 'ಈಗ ನಿಲ್ಲಿಸ್ತಾನೆ ನೋಡು' ಅಂತಾರೆ. ಸರಿಯಾಗಿ ಅಲ್ಲೇ ನಿಲ್ಲಿಸ್ತೀಯ!" ಅಂದರು.

ನಾನು ಎಲ್ಲೂ ನಿಲ್ಲಿಸುತ್ತಿರಲಿಲ್ಲ. ಹಾಗಂತ ಅಂದುಕೊಂಡಿದ್ದೆ.

ಕೈ ಮುಂದೆ ಹೋಗದಿದ್ದಾಗ ಹೊಸ ಗಿಟಾರ್ ಮೇಲೆ ಕಣ್ಣು ಬೀಳುತ್ತದೆ. ಹೊಸ ಆ್ಯಪ್ ಡೌನ್‌ಲೋಡ್ ಆಗುತ್ತದೆ. "ನನಗೆ ಸಂಗೀತದ ಗಂಧ ಇಲ್ಲ" ಅನ್ನೋ ಹಳೇ ರಾಗವೂ ಶುರುವಾಗುತ್ತದೆ. ನಾನು ಕಂಡ ಹಾಗೆ ಬಹಳ ಜನರ ತೊಂದರೆ ಇರೋದು ಇಡೀ ಹಾಡಿನಲ್ಲಿ ಎರಡು ಸೆಕೆಂಡಿನಷ್ಟು ಜಾಗದಲ್ಲಿ. ಅದನ್ನು ಹುಡುಕಬೇಕು, ಅದನ್ನಷ್ಟೇ ರಿಪೇರಿ ಮಾಡಬೇಕು.

ಮೊದಲು ಫೋನ್ ಇಡಿ

ನಿಮಗೆ ಚೆನ್ನಾಗಿ ಬರುತ್ತದೆ ಅನ್ನಿಸುವ ಒಂದು ಹಾಡು ಆರಿಸಿಕೊಳ್ಳಿ. ಫೋನನ್ನು ನಾಲ್ಕಡಿ ದೂರದಲ್ಲಿ ಎಡಗೈ ಕಾಣುವ ಹಾಗೆ ನಿಲ್ಲಿಸಿ, ವಿಡಿಯೊ ಹಾಕಿ. ಶುರುವಿನಿಂದ ಕೊನೆಯವರೆಗೆ ಒಂದೇ ಸಲ ನುಡಿಸಿ. ತಪ್ಪಿದರೂ ಹಿಂದಕ್ಕೆ ಹೋಗಬೇಡಿ. ರೆಕಾರ್ಡ್ ಆಗ್ತಿದೆ ಅಂತ ಗೊತ್ತಾದ ಕೂಡಲೇ ಕೈ ಸ್ವಲ್ಪ ನಡುಗುತ್ತದೆ, ನಡುಗಲಿ ಬಿಡಿ.

ಆಗಲೇ ಕೇಳಬೇಡಿ, ಮರುದಿನ ಕೇಳಿ. ನುಡಿಸಿದ ಬೆನ್ನಲ್ಲೇ ಕೇಳಿದರೆ ಕೈ ಏನು ನುಡಿಸಬೇಕು ಅಂದುಕೊಂಡಿತ್ತೋ ಅದೇ ಕಿವಿಗೆ ಬೀಳುತ್ತದೆ. ಮರುದಿನ ಕಾಲಿನಲ್ಲಿ ತಾಳ ಹಾಕುತ್ತಾ ಕೇಳಿ. ಕಾಲು ಎಲ್ಲಿ ಕಾಯಬೇಕಾಗುತ್ತದೋ ಆ ನಿಮಿಷ, ಸೆಕೆಂಡು ಬರೆದುಕೊಳ್ಳಿ. ನನ್ನ ಚೀಟಿಯಲ್ಲಿ ಐದು ಕಡೆ ಗುರುತು ಬಿತ್ತು. ಅದರಲ್ಲಿ ನಾಲ್ಕು ಒಂದೇ ಜಾಗ: ಜಿ ಕಾರ್ಡಿನಿಂದ ಸಿ ಕಾರ್ಡಿಗೆ ಹೋಗುವಾಗ. ಅರ್ಧ ಸೆಕೆಂಡು ಬಲಗೈ ಗಾಳಿಯಲ್ಲಿ ಎಡಗೈಗೆ ಕಾಯುತ್ತಿತ್ತು. ಓನರ್ ಅಂಕಲ್ ಟೀವಿ ನೋಡ್ತಾ ಇದನ್ನೇ ಲೆಕ್ಕ ಇಟ್ಟಿದ್ದರು.

ಬೆರಳು ಎಷ್ಟು ದೂರ ಓಡುತ್ತಿದೆ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ನನ್ನ ಎರಡು ವರ್ಷ ಸಿಕ್ಕಿಕೊಂಡಿದ್ದು ಇಲ್ಲೇ.

ವಿಡಿಯೊವನ್ನು ಅರ್ಧ ವೇಗದಲ್ಲಿ ಹಾಕಿ ಎಡಗೈ ನೋಡಿದೆ. ಮೊದಲ ವಾರ ಕಲಿತ ಹಾಗೆಯೇ ಜಿ ಹಿಡಿಯುತ್ತಿದ್ದೆ. (ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿಗಳೇ ಫ್ರೆಟ್, ತಲೆಯ ಕಡೆಯಿಂದ 1, 2, 3 ಅಂತ ಎಣಿಸುತ್ತಾರೆ.) ತೋರುಬೆರಳು 5ನೇ ತಂತಿಯ 2ನೇ ಫ್ರೆಟ್ಟಿನಲ್ಲಿ, ನಡುಬೆರಳು ದಪ್ಪನೆಯ 6ನೇ ತಂತಿಯ 3ನೇ ಫ್ರೆಟ್ಟಿನಲ್ಲಿ, ಉಂಗುರ ಬೆರಳು ತೆಳ್ಳನೆಯ 1ನೇ ತಂತಿಯ 3ನೇ ಫ್ರೆಟ್ಟಿನಲ್ಲಿ. ಸಿ ಕಾರ್ಡಿನಲ್ಲಿ ಉಂಗುರ ಬೆರಳು 5ನೇ ತಂತಿಯ 3ನೇ ಫ್ರೆಟ್ಟಿಗೆ ಬರಬೇಕು. ಅಂದರೆ ಆ ಬೆರಳು ಪ್ರತಿ ಸಲವೂ ಮೆಜೆಸ್ಟಿಕ್ಕಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುತ್ತಿತ್ತು. ಉಳಿದ ಬೆರಳುಗಳು ಅದಕ್ಕಾಗಿ ಕಾಯುತ್ತಿದ್ದವು.

ಅದೇ ಜಿ ಕಾರ್ಡನ್ನು ಇನ್ನೊಂದು ಬಗೆಯಲ್ಲಿ ಹಿಡಿದು ನೋಡಿ. ಉಂಗುರ ಬೆರಳು 6ನೇ ತಂತಿಯ 3ನೇ ಫ್ರೆಟ್, ನಡುಬೆರಳು 5ನೇ ತಂತಿಯ 2ನೇ ಫ್ರೆಟ್, ಕಿರುಬೆರಳು 1ನೇ ತಂತಿಯ 3ನೇ ಫ್ರೆಟ್. ಸ್ವರಗಳೆಲ್ಲ ಅವೇ. ಈಗ ಸಿ ಕಾರ್ಡಿಗೆ ಹೋಗಿ. ಉಂಗುರ ಬೆರಳು 6ರಿಂದ 5ನೇ ತಂತಿಗೆ, ನಡುಬೆರಳು 5ರಿಂದ 4ನೇ ತಂತಿಗೆ, ಅದೇ ಫ್ರೆಟ್ಟುಗಳಲ್ಲಿ, ಜೋಡಿಯಾಗಿ ಒಂದು ಮೆಟ್ಟಿಲು ಇಳಿಯುತ್ತವೆ. ಕಿರುಬೆರಳು ಏಳುತ್ತದೆ. ಸುಮ್ನೆ ಕೂತಿದ್ದ ತೋರುಬೆರಳು 2ನೇ ತಂತಿಯ 1ನೇ ಫ್ರೆಟ್ಟಿನ ಮೇಲೆ ಬೀಳುತ್ತದೆ. ಅಷ್ಟೇ.

ಮೊದಮೊದಲು ಕಿರುಬೆರಳು ಹೇಳಿದ ಮಾತು ಕೇಳುವುದಿಲ್ಲ. ನನಗೆ ಅದು ಬಗ್ಗಲು ಹತ್ತು ದಿನ ಬೇಕಾಯಿತು, ಆ ಹತ್ತು ದಿನ ಹಾಡು ಮೊದಲಿಗಿಂತ ಕೆಟ್ಟದಾಗಿ ಬರುತ್ತಿತ್ತು. ಬಹಳ ಜನ ಇಲ್ಲೇ ಹಳೇ ಅಭ್ಯಾಸಕ್ಕೆ ವಾಪಸ್ ಹೋಗಿಬಿಡುತ್ತಾರೆ. ಹೋಗಬೇಡಿ.

ನಿಮ್ಮ ಜಾಗ ಜಿ-ಸಿ ಆಗಿರಲೇಬೇಕು ಅಂತೇನಿಲ್ಲ. ಯಾವ ಎರಡು ಕಾರ್ಡ್ ಆದರೂ ಕೇಳಬೇಕಾದ ಪ್ರಶ್ನೆ ಎರಡು. ಯಾವ ಬೆರಳು ಇದ್ದಲ್ಲೇ ಇರಬಹುದು? ಯಾವುದು ಹೆಚ್ಚು ದೂರ ಓಡುತ್ತಿದೆ? ಸಿ ಕಾರ್ಡಿನಿಂದ ಎ ಮೈನರ್‌ಗೆ ಹೋಗುವಾಗ ತೋರುಬೆರಳು, ನಡುಬೆರಳು ಅಲ್ಲಾಡಲೇಬೇಕಾಗಿಲ್ಲ. ಉಂಗುರ ಬೆರಳೊಂದೇ 5ನೇ ತಂತಿ ಬಿಟ್ಟು 3ನೇ ತಂತಿಯ 2ನೇ ಫ್ರೆಟ್ಟಿಗೆ ಹೋದರೆ ಸಾಕು. ಆದರೂ ಮೂರೂ ಬೆರಳು ಎತ್ತಿ ಮತ್ತೆ ಇಡುವವರನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ: ಒತ್ತಡ. ಬೆರಳನ್ನು ತಂತಿಯ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ಇಟ್ಟು ತಂತಿ ಮೀಟಿ. ಟಪ್ ಅಂತ ಮಂಕು ಸದ್ದು ಬರುತ್ತದೆ. ಮೀಟುತ್ತಾ ಮೀಟುತ್ತಾ ಸ್ವಲ್ಪ ಸ್ವಲ್ಪವೇ ಒತ್ತಿ. ನಾದ ಸ್ಪಷ್ಟವಾದ ಕ್ಷಣ ನಿಲ್ಲಿಸಿ. ಅಷ್ಟು ಒತ್ತಿದರೆ ಸಾಕು. ಬಹುಪಾಲು ನಾವು ಅದಕ್ಕಿಂತ ಎಷ್ಟೋ ಜಾಸ್ತಿ ಒತ್ತುತ್ತಿರುತ್ತೇವೆ. ಹಾಗೆ ಅಂಟಿಕೊಂಡ ಬೆರಳು ಬೇಗ ಏಳುವುದಾದರೂ ಹೇಗೆ? ಫ್ರೆಟ್ಟಿನ ಪಟ್ಟಿಯ ಹಿಂದೆ, ಅದಕ್ಕೆ ಹತ್ತಿರ ಬೆರಳಿಟ್ಟರೆ ಇನ್ನೂ ಕಡಿಮೆ ಬಲ ಸಾಕು.

ಒಂದು ನಿಮಿಷದ ಲೆಕ್ಕ

ಫೋನಿನಲ್ಲಿ ಒಂದು ನಿಮಿಷದ ಟೈಮರ್ ಇಡಿ. ಜಿ, ಸಿ, ಜಿ, ಸಿ, ಒಂದೊಂದು ಸಲ ಮೀಟುತ್ತಾ ಎಷ್ಟು ಸಲ ಬದಲಾಯಿಸಿದಿರಿ ಎಣಿಸಿ. ನನ್ನ ಮೊದಲ ಲೆಕ್ಕ 22. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ನಾಲ್ಕು ಬಡಿತಕ್ಕೊಂದು ಕಾರ್ಡ್ ಬದಲಾದರೆ ಎರಡು ಸೆಕೆಂಡಿಗೊಂದು, ಅಂದರೆ ನಿಮಿಷಕ್ಕೆ 30 ಬದಲಾವಣೆ ಬೇಕು. 22ರ ಕೈಗೆ 30ರ ಹಾಡು ಕೊಟ್ಟರೆ ಮುಗ್ಗರಿಸದೆ ಇನ್ನೇನಾಗುತ್ತದೆ? ದಿನಕ್ಕೆ ಮೂರೇ ಸಲ ಈ ಲೆಕ್ಕ ಮಾಡಿ, ಗೋಡೆ ಕ್ಯಾಲೆಂಡರಿನ ಮೇಲೆ ಬರೆಯಿರಿ. ಮೂರನೇ ವಾರ ನನ್ನದು 41 ಮುಟ್ಟಿತು.

ಆಮೇಲೆ ಮೆಟ್ರೊನೋಮ್, ಅಂದರೆ ಟಕ್ ಟಕ್ ಅಂತ ಒಂದೇ ವೇಗದಲ್ಲಿ ತಾಳ ಹಾಕುವ ಯಂತ್ರ ಅಥವಾ ಆ್ಯಪ್. ಇಲ್ಲಿ ಕರ್ನಾಟಕ ಸಂಗೀತದ ಪಾಠದ ಕ್ರಮ ಬಹಳ ಸಹಾಯಕ್ಕೆ ಬರುತ್ತದೆ. ಬಸವನಗುಡಿ, ಮಲ್ಲೇಶ್ವರದ ಕಡೆ ಬೆಳೆದವರಲ್ಲಿ ಎಷ್ಟೋ ಜನ ಚಿಕ್ಕಂದಿನಲ್ಲಿ ಚಾಪೆ ಮೇಲೆ ಕೂತು ಸರಳೆ ವರಸೆ ಹಾಡಿದವರೇ, ಅಲ್ವಾ? ತಾಳ ಅದೇ ವೇಗದಲ್ಲಿರುತ್ತದೆ. ಮೊದಲ ಕಾಲದಲ್ಲಿ ಎಣಿಕೆಗೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಗಿಟಾರಿಗೂ ಹಾಗೇ ಮಾಡಿ. ಮೆಟ್ರೊನೋಮ್ 50ಕ್ಕೆ ಇಡಿ. ಎಂಟು ಎಣಿಕೆಗೊಂದು ಕಾರ್ಡ್, ಆಮೇಲೆ ನಾಲ್ಕಕ್ಕೊಂದು, ಆಮೇಲೆ ಎರಡಕ್ಕೊಂದು. ಐದು ಸುತ್ತು ತಪ್ಪಿಲ್ಲದೆ ಬಂದರೆ 54ಕ್ಕೆ ಏರಿಸಿ. ತಪ್ಪಿದರೆ ವಾಪಸ್ 50.

ಒಂದು ನಿಯಮ ಮಾತ್ರ ಮುರಿಯಬೇಡಿ: ಬಲಗೈ ನಿಲ್ಲಬಾರದು. ಎಡಗೈ ಸಿ ಮುಟ್ಟದಿದ್ದರೆ ಖಾಲಿ ತಂತಿಯನ್ನೇ ಹೊಡೆಯಿರಿ. ಚೆನ್ನಾಗಿ ನುಡಿಸುವವರನ್ನು ಗಮನಿಸಿ ನೋಡಿ. ಕೊನೆಯ ಮೇಲೇಟಿನ ಹೊತ್ತಿಗೇ ಅವರ ಬೆರಳು ಎದ್ದಿರುತ್ತದೆ, ಆ ಏಟು ಖಾಲಿ ತಂತಿಯ ಮೇಲೇ ಬಿದ್ದಿರುತ್ತದೆ. ಹಾಡಿನ ಓಟದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ತಾಳ ನಿಂತರೆ ಮಾತ್ರ ಕೆಳಗಿನ ಮನೆಗೂ ಗೊತ್ತಾಗುತ್ತದೆ.

ಎಫ್ ಕಾರ್ಡಿನ ಎದುರು ಕೂತವರಿಗೆ

ಎಷ್ಟೋ ಗಿಟಾರುಗಳು ಬೀರು ಮೇಲೆ ಸೇರುವುದು ಎಫ್ ಕಾರ್ಡಿನ ದೆಸೆಯಿಂದ. ತೋರುಬೆರಳನ್ನು ಆರೂ ತಂತಿಯ ಮೇಲೆ ಅಡ್ಡ ಮಲಗಿಸಬೇಕಲ್ಲ, ಅದೇ ಕಷ್ಟ. ಆದರೆ ಆ ಬೆರಳಿನ ಕೆಲಸ ನಿಜಕ್ಕೂ ಮೂರು ತಂತಿಯ ಮೇಲೆ ಮಾತ್ರ: 6, 2 ಮತ್ತು 1. ನಡುವಿನ ಮೂರನ್ನು ಉಳಿದ ಬೆರಳುಗಳು ಹೇಗೂ ಒತ್ತಿರುತ್ತವೆ. ಬೆರಳನ್ನು ಚಪ್ಪಟೆ ಇಡದೆ ಸ್ವಲ್ಪ ಹೆಬ್ಬೆರಳಿನ ಕಡೆಗೆ ಹೊರಳಿಸಿ, ಮೂಳೆಯಿರುವ ಬದಿ ತಂತಿಗೆ ತಾಗಲಿ.

1ನೇ ಫ್ರೆಟ್ಟಿನಲ್ಲೇ ಶುರು ಮಾಡಬೇಡಿ. ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳ ಪಟ್ಟಿ) ಪಕ್ಕದಲ್ಲೇ ಇರುವುದರಿಂದ ಅಲ್ಲಿ ತಂತಿ ಬಿಗಿ. ಅದೇ ಆಕಾರವನ್ನು 5ನೇ ಫ್ರೆಟ್ಟಿನಲ್ಲಿ ಹಿಡಿದರೆ ಅದು ಎ ಕಾರ್ಡ್, ಸಲೀಸಾಗಿ ಬರುತ್ತದೆ. ಎರಡು ಮೂರು ದಿನಕ್ಕೊಂದು ಫ್ರೆಟ್ ಕೆಳಗಿಳಿಯುತ್ತಾ ಬನ್ನಿ. 3ನೆಯದರಲ್ಲಿ ಅದು ಜಿ ಆಗುತ್ತದೆ, 1ನೆಯದರಲ್ಲಿ ಎಫ್.

ಆದರೂ ಬರದಿದ್ದರೆ? 1ನೇ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, 2ನೇ ಫ್ರೆಟ್ಟಿನಲ್ಲಿ ಅದೇ ಆಕಾರ ಹಿಡಿಯಿರಿ. ಥಟ್ಟನೆ ಸುಲಭವಾಯಿತು ಅನ್ನಿಸಿದರೆ ತಪ್ಪು ನಿಮ್ಮದಲ್ಲ, ನಿಮ್ಮ ಗಿಟಾರಿನ ನಟ್ ಎತ್ತರ ಇದೆ. ನನ್ನ ಮೊದಲ ಗಿಟಾರ್ ಹಾಗೇ ಇತ್ತು. ಒಂದೂವರೆ ವರ್ಷ ನನ್ನ ಬೆರಳನ್ನೇ ಬೈದುಕೊಂಡಿದ್ದೆ. ರಿಪೇರಿಯವರು ನಟ್ಟಿನ ಕಚ್ಚುಗಳನ್ನು ಅರದಿಂದ ಸ್ವಲ್ಪ ಉಜ್ಜಿ ಇಳಿಸಿದರು. ಅರ್ಧ ಗಂಟೆಯ ಕೆಲಸ.

ಇದೇ ಮಾತಿಗೆ ಬೆಂಗಳೂರಿನ ಹವೆಯನ್ನೂ ಸೇರಿಸಬೇಕು. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಮೇಲಿನ ಹಲಗೆ ಏಳುತ್ತದೆ, ತಂತಿ ಫ್ರೆಟ್ಟಿನಿಂದ ದೂರವಾಗುತ್ತದೆ. ಫೆಬ್ರವರಿ, ಮಾರ್ಚ್‌ನ ಒಣ ಹವೆಯಲ್ಲಿ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಕೈಗೆ ಚುಚ್ಚುತ್ತವೆ. ಮಕ್ಕಳ ಸ್ಕೇಲ್ ತಗೊಂಡು 12ನೇ ಫ್ರೆಟ್ಟಿನ ಮೇಲೆ 6ನೇ ತಂತಿ ಎಷ್ಟು ಎತ್ತರದಲ್ಲಿದೆ ಅಳೆಯಿರಿ. ಸ್ಟೀಲ್ ತಂತಿಯ ಅಕೂಸ್ಟಿಕ್ ಗಿಟಾರಿಗೆ ಎರಡೂವರೆ ಮಿಲಿಮೀಟರ್ ಆಸುಪಾಸು ಇದ್ದರೆ ಹಿತ. ಮೂರು ದಾಟಿದ್ದರೆ ರಿಪೇರಿಯವರ ಹತ್ತಿರ ಸೆಟಪ್ ಮಾಡಿಸಿ, ಅಂದರೆ ತಂತಿಯ ಎತ್ತರ ಸರಿ ಮಾಡಿಸಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗಿಟಾರ್ ಬಿಡಬೇಡಿ, ಅಂಟು ಸಡಿಲವಾಗುತ್ತದೆ.

ಒಂದೇ ಏಟು, ಎಲ್ಲ ಹಾಡಿಗೂ

ಡೌನ್, ಡೌನ್-ಅಪ್, ಅಪ್-ಡೌನ್-ಅಪ್. ಈ ಒಂದು ಸ್ಟ್ರಮ್ಮಿಂಗ್ (ಬಲಗೈ ತಂತಿಗಳ ಮೇಲೆ ಕೆಳಗೆ-ಮೇಲೆ ಹೊಡೆಯುವ ಕ್ರಮ) ಕಲಿತು ಜಗತ್ತಿನ ಎಲ್ಲ ಹಾಡಿಗೂ ಹಚ್ಚುವವರ ಗುಂಪಿಗೆ ನಾನೂ ಸೇರಿದ್ದೆ. ನಮ್ಮ ಸುಗಮ ಸಂಗೀತದಲ್ಲಿ ಆರರ ಎಣಿಕೆಯ ದಾದ್ರಾ ಹೇರಳ. ಅದಕ್ಕೆ ಈ ನಾಲ್ಕರ ಏಟು ಹಾಕಿದರೆ ಭಾವಗೀತೆ ಕುಂಟುತ್ತದೆ. ಒಂದು-ಎರಡು-ಮೂರು, ನಾಲ್ಕು-ಐದು-ಆರು ಅಂತ ಎಣಿಸಿ. ಒಂದಕ್ಕೆ ದಪ್ಪ ತಂತಿಗಳ ಮೇಲೆ ಗಟ್ಟಿ ಏಟು, ನಾಲ್ಕಕ್ಕೆ ಸ್ವಲ್ಪ ಒತ್ತು, ಉಳಿದವು ತೆಳ್ಳನೆಯ ತಂತಿಗಳ ಮೇಲೆ ಮೆಲ್ಲಗೆ. ಇದಕ್ಕೆ ಗಿಟಾರ್ ಕೈಯಲ್ಲಿರಬೇಕು ಅಂತಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೂತಾಗ ಕ್ಯಾಬಿನ ರೇಡಿಯೊದಲ್ಲಿ ಬರುವ ಹಾಡು ನಾಲ್ಕರದ್ದೋ ಆರರದ್ದೋ ತೊಡೆ ಮೇಲೆ ತಟ್ಟಿ ನೋಡಿ. ಸಮಯಕ್ಕೇನೂ ಅಲ್ಲಿ ಬರ ಇಲ್ಲ.

ಕಾರ್ಡುಗಳಿಂದಲೇ ಬೇಸತ್ತಿದ್ದರೆ ಒಂದೇ ತಂತಿಯ ಮೇಲೆ ಸರಳೆ ವರಸೆ ನುಡಿಸಿ. ಪುರಂದರದಾಸರು ಹಾಕಿಕೊಟ್ಟರು ಅಂತ ಹೇಳುವ ಆ ಪಾಠ ಮಾಯಾಮಾಳವಗೌಳ ರಾಗದ್ದು. ಖಾಲಿ ತಂತಿಯನ್ನೇ ಸ ಅಂದುಕೊಂಡರೆ ಸ್ವರಗಳು ಬೀಳುವುದು 0, 1, 4, 5, 7, 8, 11, 12ನೇ ಫ್ರೆಟ್ಟುಗಳಲ್ಲಿ. 12ನೆಯದು ಮೇಲಿನ ಸ. ಅಲ್ಲಿ ತಂತಿಯ ಉದ್ದ ಸರಿಯಾಗಿ ಅರ್ಧ. ಮೋಹನ ರಾಗಕ್ಕೆ 0, 2, 4, 7, 9, 12. ಬ್ಲೂಸ್ ಕಲಿಯುವವರಿಗೆ ಮೊದಲು ಹೇಳಿಕೊಡುವ ಮೈನರ್ ಪೆಂಟಟಾನಿಕ್ ಅನ್ನೋ ಐದು ಸ್ವರದ ಸಾಲಿನ ಸ್ವರಗಳೇ ಶುದ್ಧ ಧನ್ಯಾಸಿ ರಾಗದ ಸ್ವರಗಳೂ: 0, 3, 5, 7, 10, 12. ಗಮಕ ಬೇರೆ, ಚಲನೆ ಬೇರೆ, ನಿಜ. ಆದರೆ ಮೂರು ಫ್ರೆಟ್ಟಿನಾಚೆ ಯಾವತ್ತೂ ಕಾಲಿಡದ ಕೈ ಇಡೀ ಕುತ್ತಿಗೆಯ ಉದ್ದಕ್ಕೂ ಓಡಾಡುತ್ತದೆ. ಬಾಯಲ್ಲಿ ಸ್ವರ ಹೇಳುತ್ತಾ ನುಡಿಸಿ, ಕಿವಿಯೂ ಜೊತೆಗೆ ಬರುತ್ತದೆ.

ಅರ್ಧ ಗಂಟೆ ಹಂಚುವುದು ಹೇಗೆ

ಟ್ಯೂನ್ ಮಾಡಿ ಕೈ ಬಿಸಿ ಮಾಡಲು ಐದು ನಿಮಿಷ. ಸಿಕ್ಕಿಕೊಂಡ ಜಾಗಕ್ಕೆ ಹತ್ತು ನಿಮಿಷ, ಅದೊಂದೇ. ಇನ್ನೂ ಬರದ ಹೊಸದಕ್ಕೆ ಹತ್ತು. ಕೊನೆಯ ಐದು ನಿಮಿಷ ಇಷ್ಟದ ಹಾಡು, ಯಾವ ಲೆಕ್ಕವೂ ಇಲ್ಲದೆ. ಮೊದಲು ನಾನು ಅರ್ಧ ಗಂಟೆಯನ್ನೂ ಈ ಕೊನೆಯ ಐದು ನಿಮಿಷದ ಹಾಗೇ ಕಳೆಯುತ್ತಿದ್ದೆ. ಗಿಟಾರನ್ನು ಕವರಿನೊಳಗೆ ಹಾಕಿ ಅಟ್ಟಕ್ಕೇರಿಸಬೇಡಿ, ಕೈಗೆ ಸಿಗುವ ಕಡೆ ಸ್ಟ್ಯಾಂಡಿನ ಮೇಲಿಡಿ. ಮಣಿಕಟ್ಟು ನೋಯುತ್ತಿದ್ದರೆ ಅವತ್ತಿಗೆ ನಿಲ್ಲಿಸಿ. ಬೆರಳ ತುದಿ ಉರಿಯುವುದು ಬೇರೆ, ಕೀಲು ನೋಯುವುದು ಬೇರೆ.

ಮೇಷ್ಟ್ರು ಬೇಕಾ? ಈ ಹಂತದಲ್ಲಿ ವಾರದ ಕ್ಲಾಸಿಗಿಂತ ಒಂದೇ ಒಂದು ಗಂಟೆ, ನಿಮ್ಮ ವಿಡಿಯೊ ಮತ್ತು ಚೀಟಿ ಹಿಡಿದುಕೊಂಡು ಹೋಗುವುದು ಲಾಭ. "ಇನ್ನೂ ಚೆನ್ನಾಗಿ ನುಡಿಸಬೇಕು ಸರ್" ಅಂದರೆ ಅವರಾದರೂ ಏನು ಮಾಡಿಯಾರು? "ಬಿ ಮೈನರ್‌ಗೆ ಹೋಗುವಾಗ ತಾಳ ನಿಲ್ಲುತ್ತಿದೆ" ಅನ್ನಿ, ಹತ್ತು ನಿಮಿಷದಲ್ಲಿ ಕೈ ನೋಡಿ ಹೇಳಿಬಿಡುತ್ತಾರೆ.

ನಾಲ್ಕು ವಾರ ಆದ ಮೇಲೆ ಅದೇ ಹಾಡನ್ನು, ಅದೇ ಜಾಗದಲ್ಲಿ ಫೋನ್ ಇಟ್ಟು ಮತ್ತೆ ರೆಕಾರ್ಡ್ ಮಾಡಿ. ಹಳೆಯದನ್ನು ಅಳಿಸಬೇಡಿ, ಎರಡನ್ನೂ ಒಟ್ಟಿಗೆ ಕೇಳಿ. ನನ್ನ ಎರಡನೇ ವಿಡಿಯೊದಲ್ಲಿ ಜಿ-ಸಿ ನಿಲ್ಲದೆ ಹೋಗಿತ್ತು. ಅಲ್ಲಿಂದ ಎಂಟು ಸೆಕೆಂಡು ಮುಂದೆ, ಮೊದಲ ಸಲ ಕಿವಿಗೇ ಬೀಳದಿದ್ದ ಒಂದು ಡಿ ಕಾರ್ಡಿನಲ್ಲಿ 1ನೇ ತಂತಿ ಸತ್ತ ಹಾಗೆ ಟಪ್ ಅನ್ನುತ್ತಿತ್ತು. ಚೀಟಿಯಲ್ಲಿ ಅದನ್ನು ಬರೆದುಕೊಂಡೆ.